ಕೂದಲ ಸಾಕ್ಷಿ: ಗುಂಗುರು ಕೂದಲು ಮತ್ತು ಮಿಶ್ರ ಮೂಲದವರ ಗುರುತು

(ಉಪನ್ಯಾಸವೊಂದರ ಬರಹ ರೂಪ. ವೇದಿಕೆಯ ಮೇಲೆ ಆಡಿದ ಮಾತನ್ನು ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರಿಂದ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ದಕ್ಷಿಣ ಆಫ್ರಿಕಾದಲ್ಲಿ 1950ರಲ್ಲಿ ಜನಸಂಖ್ಯಾ ನೋಂದಣಿ ಕಾಯ್ದೆ ಬಂದ ಮೇಲೆ ಆ ದೇಶದ ಪ್ರತಿಯೊಬ್ಬರ ಹೆಸರೂ ಯಾವುದಾದರೊಂದು ಜನಾಂಗದ ಪಟ್ಟಿಗೆ ಸೇರಲೇಬೇಕಾಯಿತು. ಎಲ್ಲಿ ವಾಸಿಸಬಹುದು, ಮಕ್ಕಳು ಯಾವ ಶಾಲೆಗೆ ಹೋಗಬಹುದು, ಯಾರನ್ನು ಮದುವೆಯಾಗಬಹುದು ಎಂಬುದೆಲ್ಲ ಆ ಪಟ್ಟಿಯನ್ನೇ ಅವಲಂಬಿಸಿತ್ತು. ತಂದೆತಾಯಿ ಇಬ್ಬರೂ ಒಂದೇ ಮೂಲದವರಾಗಿದ್ದರೆ ದಾಖಲಿಸುವವನ ಕೆಲಸ ಸುಲಭವಾಗಿತ್ತು. ಮಿಶ್ರ ಮೂಲದವರು ಎದುರಿಗೆ ಬಂದು ನಿಂತಾಗ ಮೈಬಣ್ಣವೊಂದನ್ನೇ ನೋಡಿ ತೀರ್ಮಾನಿಸುವುದು ಸಾಧ್ಯವಾಗುತ್ತಿರಲಿಲ್ಲ. ಆಗ ಅವರ ಕೂದಲಿನೊಳಗೆ ಒಂದು ಪೆನ್ಸಿಲ್ ತೂರಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಕೆಳಗೆ ಬಿದ್ದರೆ ಆ ವ್ಯಕ್ತಿ ಬಿಳಿಯರ ಪಟ್ಟಿಗೆ ಸೇರಬಹುದಿತ್ತು, ಗುಂಗುರಿನಲ್ಲಿ ಸಿಕ್ಕಿಕೊಂಡು ನಿಂತರೆ ಇಲ್ಲ. ಒಂದೇ ಮನೆಯವರು ಬೇರೆ ಬೇರೆ ಪಟ್ಟಿಗೆ ಸೇರಿ ಬೇರೆ ಬೇರೆ ಬಡಾವಣೆಗಳ ಪಾಲಾದದ್ದೂ ಉಂಟು.

ಬಿಳಿಯರೆಂದೇ ದಾಖಲಾಗಿದ್ದ ದಂಪತಿಗೆ 1955ರಲ್ಲಿ ಹುಟ್ಟಿದ ಸಾಂಡ್ರಾ ಲೈಂಗ್ ಅವರ ಪ್ರಕರಣ ಇದರಲ್ಲಿ ಬಹಳ ಪ್ರಸಿದ್ಧವಾದದ್ದು. ಆ ಹುಡುಗಿಯ ಮೈಬಣ್ಣ ಕಂದು, ಕೂದಲು ಬಿಗಿಯಾದ ಗುಂಗುರು. 1966ರಲ್ಲಿ, ಆಕೆ ಹತ್ತು ವರ್ಷದವಳಾಗಿದ್ದಾಗ, ಬಿಳಿಯರ ವಸತಿಶಾಲೆಯಿಂದ ಆಕೆಯನ್ನು ಹೊರಹಾಕಿ ‘ಕಲರ್ಡ್’, ಅಂದರೆ ಮಿಶ್ರ ಮೂಲದವಳು, ಎಂದು ಮರುದಾಖಲಿಸಲಾಯಿತು. ತಂದೆ ಕೋರ್ಟಿಗೆ ಹೋದರು. ಮುಂದಿನ ವರ್ಷ ಕಾನೂನಿಗೇ ತಿದ್ದುಪಡಿಯಾಗಿ ಆಕೆ ಮತ್ತೆ ಬಿಳಿಯಳಾದಳು. ಅಷ್ಟು ಕಡಿಮೆ ಅವಧಿಯಲ್ಲಿ ಎರಡು ಸಲ ಜನಾಂಗ ಬದಲಾದರೂ ಆ ಮಗುವಿನ ತಲೆಯ ಮೇಲಿನ ಕೂದಲು ಮಾತ್ರ ಇದ್ದ ಹಾಗೆಯೇ ಇತ್ತು. ಆ ಕಾಯ್ದೆ ರದ್ದಾದದ್ದು 1991ರಲ್ಲಿ.

ಮಿಶ್ರ ಮೂಲದವರ ಗುಂಗುರು ಕೂದಲಿನ ಬಗ್ಗೆ ಇಂದು ಮಾತು ಬಂದಾಗ ‘ನಿನ್ನ ಕೂದಲನ್ನು ಪ್ರೀತಿಸು’ ಎಂಬ ಉಪದೇಶದಿಂದ ಆರಂಭಿಸುವುದು ರೂಢಿಯಾಗಿದೆ. ಆ ಉಪದೇಶದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅದರಿಂದ ಒಂದು ಸಿಕ್ಕೂ ಬಿಡುವುದಿಲ್ಲ. ನನ್ನ ಮಟ್ಟಿಗೆ ಈ ಕೂದಲನ್ನು ಒಪ್ಪಿಕೊಳ್ಳುವುದೆಂದರೆ, ಮೊದಲು ಅದನ್ನು ನೋಡಿಕೊಳ್ಳುವ ಕೆಲಸವನ್ನು ಕೈಯಾರೆ ಕಲಿಯುವುದು, ಆಮೇಲೆ ‘ನೀನು ಯಾರು’ ಎಂಬ ಪ್ರಶ್ನೆಗೆ ಕೂದಲೇ ಬಂದು ಸಾಕ್ಷಿ ಹೇಳಬೇಕೆನ್ನುವವರ ಒತ್ತಾಯವನ್ನು ತಳ್ಳಿಹಾಕುವುದು. ಮೊದಲನೆಯದು ಮನೆಯೊಳಗೆ ಆಗಬಹುದಾದ ಕೆಲಸ. ಎರಡನೆಯದಕ್ಕೆ ಕಾನೂನಿನ ಬೆಂಬಲವೂ ಬೇಕಾಗುತ್ತದೆ.

ಕೂದಲು ಗುಂಗುರಾಗುವುದು ಚರ್ಮದ ಒಳಗೇ. ರೋಮಕೂಪ ನೆಟ್ಟಗಿದ್ದರೆ ಎಳೆ ನೇರವಾಗಿ ಹೊರಬರುತ್ತದೆ. ಕೂಪದ ಬುಡ ಬಾಗಿದ್ದರೆ ಎಳೆಯ ಎರಡು ಮಗ್ಗುಲುಗಳು ಸಮನಾಗಿ ರೂಪುಗೊಳ್ಳದೆ, ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೇ ಅದು ಸುರುಳಿಯಾಗಿರುತ್ತದೆ. ಅಂಥ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿನ ಬದಲು ಚಪ್ಪಟೆಯಾದ ಅಂಡಾಕಾರ ಕಾಣುತ್ತದೆ. ಇದರ ಪರಿಣಾಮ ನೋಟಕ್ಕಷ್ಟೇ ಸೀಮಿತವಾಗಿಲ್ಲ. ನೆತ್ತಿಯಿಂದ ಒಸರುವ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ಸುಲಭವಾಗಿ ಇಳಿಯುತ್ತದೆ, ಗುಂಗುರು ಕೂದಲಿನಲ್ಲಾದರೋ ಪ್ರತಿ ತಿರುವಿನಲ್ಲೂ ತಡೆದು, ತುದಿಗೆ ಸರಿಯಾಗಿ ತಲುಪುವುದೇ ಇಲ್ಲ. ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿರುತ್ತದೆ, ತಿರುವುಗಳಲ್ಲಿ ಎಳೆ ಬೇಗ ತುಂಡಾಗುತ್ತದೆ, ‘ಇವಳ ಕೂದಲು ಬೆಳೆಯುವುದೇ ಇಲ್ಲ’ ಎಂಬ ದೂರು ಹುಟ್ಟಿಕೊಳ್ಳುತ್ತದೆ. ಬುಡದಿಂದ ಅದು ಬೆಳೆಯುತ್ತಲೇ ಇರುತ್ತದೆ, ತುದಿಯಲ್ಲಿ ಮುರಿಯುತ್ತಿರುತ್ತದೆ, ಅಷ್ಟೆ. ಜೊತೆಗೆ, ಒದ್ದೆಯಾಗಿದ್ದಾಗ ಬೆನ್ನಿನ ನಡುವಿನವರೆಗೆ ಇಳಿಯುವ ಕೂದಲು ಒಣಗಿದ ಮೇಲೆ ಹೆಗಲಿನ ಮೇಲಕ್ಕೆ ಏರಿ ಕುಳಿತುಬಿಡುತ್ತದೆ. ಕೆರಾಟಿನ್ ಎಂಬ ಪ್ರೋಟೀನಿನೊಳಗಿನ ಜಲಜನಕದ ಬಂಧಗಳು ನೀರು ತಾಗಿದೊಡನೆ ಸಡಿಲಗೊಂಡು, ಒಣಗುವಾಗ ಮತ್ತೆ ಬಿಗಿಯುವುದರಿಂದ ಹೀಗಾಗುತ್ತದೆ.

ಈ ಗುಂಗುರು ಮಕ್ಕಳಿಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಶಾಲೆಯ ಪುಸ್ತಕದ ಪ್ರಬಲ–ದುರ್ಬಲ ಗುಣಗಳ ಲೆಕ್ಕ ಉತ್ತರವಾಗುವುದಿಲ್ಲ. ಇದರಲ್ಲಿ ಅನೇಕ ವಂಶವಾಹಿಗಳ ಕೈವಾಡವಿದೆ. ಯುರೋಪಿನವರ ನೇರ ಕೂದಲಿನೊಂದಿಗೆ ಟ್ರೈಕೋಹಯಾಲಿನ್ ಎಂಬ ಪ್ರೋಟೀನಿನ ವಂಶವಾಹಿಗೆ ಸಂಬಂಧವಿದ್ದರೆ, ಪೂರ್ವ ಏಷ್ಯಾದವರ ದಪ್ಪ, ನೇರ ಕೂದಲಿನೊಂದಿಗೆ ಇಡಿಎಆರ್ ಎಂಬ ಬೇರೆಯೇ ವಂಶವಾಹಿಗೆ ಸಂಬಂಧವಿದೆ. ಹೊರನೋಟಕ್ಕೆ ಒಂದೇ ಎನಿಸುವ ಎರಡು ನೇರ ಕೂದಲುಗಳು ಎರಡು ದಾರಿಗಳಿಂದ ಬಂದಿರುತ್ತವೆ ಎಂದ ಮೇಲೆ, ಎರಡು ಮೂಲಗಳು ಕೂಡಿದ ಮನೆಯಲ್ಲಿ ಹುಟ್ಟುವ ಮಗುವಿನ ಕೂದಲು ಹೇಗಿರಬಹುದೆಂದು ಮೊದಲೇ ಹೇಳುವುದು ಕಷ್ಟ. ಅಕ್ಕನದು ಬಿಗಿ ಸುರುಳಿ, ತಮ್ಮನದು ಬರೀ ಅಲೆ ಅಲೆ ಎಂಬುದು ಇಂಥ ಮನೆಗಳಲ್ಲಿ ತೀರ ಸಾಮಾನ್ಯ; ಒಂದೇ ತಲೆಯಲ್ಲಿ ನೆತ್ತಿಯ ಕೂದಲಿಗೂ ಕತ್ತಿನ ಬಳಿಯ ಕೂದಲಿಗೂ ವ್ಯತ್ಯಾಸವಿರುವುದೂ ಉಂಟು. ಯಾರ ಕೂದಲು ಎಷ್ಟು ಗುಂಗುರೋ ಅವರು ಅಷ್ಟು ಕರಿಯರು ಎಂದು ಅಳೆಯಲು ಹೊರಟ ಪೆನ್ಸಿಲ್ ಪರೀಕ್ಷೆ ಕ್ರೂರವಾಗಿದ್ದಷ್ಟೇ ಅಜ್ಞಾನದ್ದೂ ಆಗಿತ್ತು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನು ಈ ಕೂದಲಿನ ಪ್ರಯೋಜನವೇನು ಎಂದು ಕೇಳುವವರಿಗೆ 2023ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಟೀನಾ ಲಸೀಸಿ, ನೀನಾ ಜಬ್ಲಾನ್ಸ್ಕಿ ಮತ್ತು ಅವರ ಸಂಗಡಿಗರು ಮೈಶಾಖವಿರುವ ಯಂತ್ರದ ಬೊಂಬೆಯೊಂದರ ತಲೆಗೆ ನೇರ, ಸಾಧಾರಣ ಗುಂಗುರು ಮತ್ತು ಬಿಗಿ ಗುಂಗುರಿನ ವಿಗ್ಗನ್ನು ಒಂದೊಂದಾಗಿ ತೊಡಿಸಿ, ಬಿಸಿಲಿನಂಥ ದೀಪದ ಕೆಳಗಿಟ್ಟು ನೋಡಿದರು. ಯಾವ ಕೂದಲಾದರೂ ಬೋಳುತಲೆಗಿಂತ ಬಿಸಿಲನ್ನು ಹೆಚ್ಚು ತಡೆಯಿತು, ಆದರೆ ಎಲ್ಲಕ್ಕಿಂತ ಚೆನ್ನಾಗಿ ತಡೆದದ್ದು ಬಿಗಿ ಗುಂಗುರು. ನೆತ್ತಿಗೆ ಅಂಟಿಕೊಳ್ಳದೆ ಎದ್ದು ನಿಲ್ಲುವ ಕೂದಲು ಶಾಖವನ್ನು ತಲೆಯಿಂದ ದೂರವೇ ಇಡುತ್ತದೆ. ಮಿದುಳು ದೊಡ್ಡದಾಗುತ್ತಿದ್ದ ಕಾಲದ ನಮ್ಮ ಪೂರ್ವಜರಿಗೆ, ಸುಡುವ ಬಿಸಿಲಿನಲ್ಲಿ, ಇದು ಸಣ್ಣ ಅನುಕೂಲವೇನೂ ಆಗಿರಲಾರದು.

ವಿಜ್ಞಾನ ಇಷ್ಟಾಯಿತು, ಮನೆಯೊಳಗೆ ನಡೆಯುವುದು ಬೇರೆ. ಮಿಶ್ರ ಮೂಲದ ಮಕ್ಕಳ ಮನೆಯಲ್ಲಿ ಕೂದಲು ಒಂದು ಕಡೆಯಿಂದ ಬಂದಿರುತ್ತದೆ, ಬಾಚುವ ಕೈ ಇನ್ನೊಂದು ಕಡೆಯಿಂದ ಬಂದಿರುತ್ತದೆ. ನನ್ನ ಅಕ್ಕ ಅಮೆರಿಕದಲ್ಲಿ ಆಫ್ರಿಕನ್ ಅಮೆರಿಕನ್ ಒಬ್ಬರನ್ನು ಮದುವೆಯಾದಳು. ಅವಳದು ನೇರ ಕೂದಲು. ದಿನವೂ ಒಣಗಿದ ಕೂದಲನ್ನು ಬುಡದಿಂದ ತುದಿಗೆ ಬಾಚುವುದೇ ಅವಳಿಗೆ ಗೊತ್ತಿದ್ದ ಕ್ರಮ, ಅದು ಮಗಳ ಕೂದಲಿಗೆ ಪೂರ್ತಿ ತಿರುಗುಮುರುಗು. ಸರಿಯಾದ ಕ್ರಮವನ್ನು ಅವಳಿಗೆ ಕೂರಿಸಿಕೊಂಡು ಕಲಿಸಿದವರು ಅವಳ ಅತ್ತೆ. ನಾನು ಅಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ ಆ ಕೆಲಸ ನನ್ನ ಪಾಲಿಗೆ ಬಂತು. ಹುಡುಗಿಯ ಕೂದಲನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲಿಪ್ಪಿನಿಂದ ಮೇಲಕ್ಕೆ ಕಟ್ಟಿ, ಉಳಿದ ಭಾಗಕ್ಕೆ ನೀರು ಚಿಮುಕಿಸಿ, ಎಳೆಗಳು ಬೆರಳ ನಡುವೆ ಜಾರುವಷ್ಟು ಕಂಡೀಷನರ್ ಹಚ್ಚಬೇಕು. ದೊಡ್ಡ ಸಿಕ್ಕುಗಳನ್ನು ಮೊದಲು ಬೆರಳಿನಿಂದಲೇ ಬಿಡಿಸಬೇಕು. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ನಾನು ಅದನ್ನು ನೆತ್ತಿಯ ಹತ್ತಿರ ಒಯ್ದದ್ದೇ ತಡ, ಎದುರಿನ ಕನ್ನಡಿಯಿಂದಲೇ ಅವಳು ‘ಚಿಕ್ಕಮ್ಮ, ತುದಿಯಿಂದ, ತುದಿಯಿಂದ!’ ಎಂದು ಕೂಗಿದಳು. ತುದಿಯ ಎರಡು ಅಂಗುಲ ಬಿಡಿಸಿಕೊಂಡು, ನೆತ್ತಿಗೆ ಜಗ್ಗದಂತೆ ಇನ್ನೊಂದು ಕೈಯಲ್ಲಿ ಕೂದಲನ್ನು ಮೇಲಿನಿಂದ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೋಗಬೇಕು. ಒಂದು ಭಾಗ ಮುಗಿದೊಡನೆ ಅದನ್ನು ಎರಡೆಳೆಯಾಗಿ ಹೊಸೆದು ಬಿಗಿದಿಟ್ಟು ಮುಂದಿನದಕ್ಕೆ ಕೈ ಹಾಕಬೇಕು. ರಾತ್ರಿ ಮಲಗುವಾಗ ಸ್ಯಾಟಿನ್ ಟೋಪಿ ಹಾಕಬೇಕು, ಏಕೆಂದರೆ ಹತ್ತಿಯ ದಿಂಬಿನ ಬಟ್ಟೆ ತೇವವನ್ನು ಹೀರಿ ಎಳೆಗಳನ್ನು ಉಜ್ಜುತ್ತದೆ.

ಇಷ್ಟು ವಿವರವನ್ನು ಸಭೆಯಲ್ಲಿ ಹೇಳಬೇಕಿತ್ತೇ ಎಂದು ಕೆಲವರಿಗೆ ಅನಿಸಿರಬಹುದು. ಹೇಳಲೇಬೇಕೆಂಬುದು ನನ್ನ ಅಭಿಪ್ರಾಯ. ಪ್ರತಿದಿನ ಬೆಳಿಗ್ಗೆ ಬಾಚುವಾಗ ಅಳುವ ಮಗುವಿಗೆ, ಅವಸರದಲ್ಲಿರುವ ತಾಯಿ ಬಿಡುವ ಒಂದು ನಿಟ್ಟುಸಿರೇ ಸಾಕು, ತನ್ನ ತಲೆಯ ಮೇಲೆ ಇರಬಾರದ್ದು ಏನೋ ಇದೆ ಎಂದು ಅದು ತಿಳಿದುಕೊಳ್ಳುತ್ತದೆ. ಆ ‘ಏನೋ’ ತನ್ನ ತಂದೆಯ ಕಡೆಯಿಂದ ಬಂದದ್ದು ಎಂಬುದೂ ಅದಕ್ಕೆ ಬೇಗನೆ ಅರ್ಥವಾಗುತ್ತದೆ. ಬಾಚುವ ಕ್ರಮ ಸರಿಯಾಗಿ ಗೊತ್ತಿದ್ದರೆ ಅಳುವೂ ಇರುವುದಿಲ್ಲ, ನಿಟ್ಟುಸಿರೂ ಇರುವುದಿಲ್ಲ. ಗುರುತಿನ ಪ್ರಶ್ನೆಯ ಅರ್ಧದಷ್ಟು ಕೆಲಸ ಆ ಕುರ್ಚಿಯಲ್ಲೇ ಮುಗಿಯುತ್ತದೆ ಎಂಬುದನ್ನು ನಾನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತಿದ್ದೇನೆ.

ಉಳಿದರ್ಧ ಮನೆಯ ಹೊರಗಿದೆ, ಅದಕ್ಕೆ ದೀರ್ಘ ಇತಿಹಾಸವೂ ಇದೆ. ಇಂದು ಅಮೆರಿಕದ ಭಾಗವಾಗಿರುವ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನಾದಲ್ಲಿ 1786ರಲ್ಲಿ ಗವರ್ನರ್ ಎಸ್ತೆಬಾನ್ ಮಿರೊ ಹೊರಡಿಸಿದ ಆಜ್ಞೆಯ ಪ್ರಕಾರ, ಗುಲಾಮಗಿರಿಯಿಂದ ಮುಕ್ತರಾಗಿದ್ದ ಕಪ್ಪು ಮತ್ತು ಮಿಶ್ರ ಮೂಲದ ಹೆಂಗಸರು ತಲೆಗೆ ವಸ್ತ್ರ ಸುತ್ತಿಕೊಳ್ಳಬೇಕಿತ್ತು, ಗರಿಯನ್ನಾಗಲಿ ಒಡವೆಯನ್ನಾಗಲಿ ಮುಡಿಯುವಂತಿರಲಿಲ್ಲ. ಅವರ ಕೇಶಾಲಂಕಾರ ಬಿಳಿಯ ಹೆಂಗಸರ ಅಲಂಕಾರವನ್ನು ಮಂಕಾಗಿಸುತ್ತಿತ್ತು ಎಂಬುದು ಆಜ್ಞೆಯ ಹಿಂದಿನ ಕಿರಿಕಿರಿ. ಆ ಹೆಂಗಸರು ಬೆಲೆಬಾಳುವ, ಬಣ್ಣಬಣ್ಣದ ಬಟ್ಟೆಯನ್ನೇ ಆರಿಸಿ, ಅದನ್ನೇ ಎತ್ತರಕ್ಕೆ ಸುತ್ತಿ ಹೊಸ ಅಲಂಕಾರ ಮಾಡಿಕೊಂಡರು. ಕಾನೂನನ್ನು ಪಾಲಿಸುತ್ತಲೇ ಸೋಲಿಸುವ ಈ ಜಾಣತನ ನನಗೆ ಬಹಳ ಇಷ್ಟ.

ಇಪ್ಪತ್ತನೆಯ ಶತಮಾನದಲ್ಲಿ ಆಜ್ಞೆಯ ಜಾಗಕ್ಕೆ ಮಾರುಕಟ್ಟೆ ಬಂತು. ಕಪ್ಪು ಹೆಂಗಸರ ಕೂದಲಿನ ಆರೈಕೆಯ ವಸ್ತುಗಳನ್ನು ಮಾರಿ ಹೆಸರಾದ ಅಮೆರಿಕದ ಉದ್ಯಮಿ ಮೇಡಂ ಸಿ. ಜೆ. ವಾಕರ್ (1867–1919) ಅವರ ಹೆಸರನ್ನು, ಕೂದಲು ನೇರಗೊಳಿಸಲು ಕಾಯಿಸಿ ಬಳಸುವ ಬಾಚಣಿಗೆಯ ಜೊತೆ ತಳಕು ಹಾಕುವುದು ರೂಢಿ, ಆದರೆ ಆ ಬಾಚಣಿಗೆಯನ್ನು ಕಂಡುಹಿಡಿದವರು ಅವರಲ್ಲ. ಅವರ ವ್ಯಾಪಾರದ ಬುನಾದಿ ನೆತ್ತಿಗೆ ಹಚ್ಚುವ ಮುಲಾಮು. ಕೂದಲನ್ನು ಶಾಶ್ವತವಾಗಿ ನೇರಗೊಳಿಸುವ ರಿಲ್ಯಾಕ್ಸರುಗಳು ಮನೆಮನೆಗೆ ಬಂದದ್ದು ಆಮೇಲೆ. ಅವುಗಳಲ್ಲಿ ಹಲವು ಸೋಡಿಯಂ ಹೈಡ್ರಾಕ್ಸೈಡ್ ಇರುವಂಥವು, ಅಂದರೆ ಕಾಸ್ಟಿಕ್ ಸೋಡಾ; ಅವುಗಳ ಪಿಎಚ್ ಮೌಲ್ಯ 12ರಿಂದ 14ರ ಆಸುಪಾಸಿನಲ್ಲಿರುತ್ತದೆ. ಅದು ಕೆರಾಟಿನ್ನಿನ ಗಂಧಕದ ಬಂಧಗಳನ್ನೇ ಮುರಿಯುವುದರಿಂದ ಆ ಎಳೆ ಮತ್ತೆ ಗುಂಗುರಾಗುವುದಿಲ್ಲ, ಆದರೆ ಬುಡದಿಂದ ಬರುವ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ, ಆದ್ದರಿಂದ ಕೆಲವು ವಾರಗಳಿಗೊಮ್ಮೆ ಮತ್ತೆ ಹಚ್ಚಿಸಿಕೊಳ್ಳಲೇಬೇಕಾಗುತ್ತದೆ. ನೆತ್ತಿ ಸುಟ್ಟು ಹೆಕ್ಕಳಿಕೆ ಕಟ್ಟುವುದನ್ನು ಮಾಮೂಲು ಎಂದುಕೊಂಡು ಬೆಳೆದ ತಲೆಮಾರುಗಳೇ ಇವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ನೇರಗೊಳಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70ನೇ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇ. 1.64 ಎಂದೂ ಪದೇ ಪದೇ ಬಳಸಿದವರಲ್ಲಿ ಶೇ. 4.05 ಎಂದೂ ಅಂದಾಜಿಸಲಾಯಿತು. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಾಬೀತುಪಡಿಸುವುದಲ್ಲ. ಈ ರೋಗ ವಿರಳವೂ ಹೌದು. ಆದರೂ, ಹೆಣ್ಣುಮಕ್ಕಳ ತಲೆಗೆ ಬಾಲ್ಯದಲ್ಲೇ ಇದನ್ನು ಹಚ್ಚುವ ಮುನ್ನ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಕೆಲಸದ ಜಾಗದಲ್ಲಿ ಕಾನೂನು ಬಹುಕಾಲ ಈ ಕೂದಲಿನ ಪರವಾಗಿರಲಿಲ್ಲ. ಬಿಗಿಯಾಗಿ ಹೆಣೆದ ಜಡೆಸಾಲುಗಳನ್ನು ನಿಷೇಧಿಸಿದ್ದ ವಿಮಾನಯಾನ ಸಂಸ್ಥೆಯೊಂದರ ವಿರುದ್ಧ ರೆನೀ ರೋಜರ್ಸ್ ಎಂಬ ಉದ್ಯೋಗಿ ಹೂಡಿದ್ದ ದಾವೆಯನ್ನು 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಒಪ್ಪಲಿಲ್ಲ. ಜಡೆ ಸುಲಭವಾಗಿ ಬದಲಿಸಿಕೊಳ್ಳಬಹುದಾದದ್ದು ಎಂಬುದು ನ್ಯಾಯಾಲಯದ ತರ್ಕವಾಗಿತ್ತು. ಆ ಜಡೆಸಾಲು ಕೂದಲು ಮುರಿಯದಂತೆ ಕಾಪಾಡುವ ವ್ಯವಸ್ಥೆಯೂ ಹೌದು ಎಂಬುದು ತೀರ್ಪಿನ ಲೆಕ್ಕಕ್ಕೆ ಬರಲಿಲ್ಲ. ಕೂದಲಿನ ರಚನೆ ಮತ್ತು ಅದನ್ನು ಕಾಯುವ ಜಡೆ, ಹೊಸೆತಗಳ ಆಧಾರದ ಮೇಲೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ತಾರತಮ್ಯ ಮಾಡುವಂತಿಲ್ಲ ಎಂದು ಹೇಳುವ ಕ್ರೌನ್ ಕಾಯ್ದೆ ಮೊದಲು ಅಂಗೀಕಾರವಾದದ್ದು ಕ್ಯಾಲಿಫೋರ್ನಿಯಾದಲ್ಲಿ, 2019ರ ಜುಲೈಯಲ್ಲಿ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥದೇ ಕಾಯ್ದೆ ತಂದಿವೆ. ದೊಡ್ಡ ಕೂದಲಿಗೆಂದೇ ತಯಾರಿಸಿದ ಈಜುಟೋಪಿಗೆ ಅಂತರರಾಷ್ಟ್ರೀಯ ಈಜು ಒಕ್ಕೂಟ 2021ರಲ್ಲಿ ಒಪ್ಪಿಗೆ ನಿರಾಕರಿಸಿ, ಮರುವರ್ಷ ಒಪ್ಪಿಕೊಂಡದ್ದು ನಿಮಗೆ ನೆನಪಿರಬಹುದು.

ಮಿಶ್ರ ಮೂಲದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರ ಹುಟ್ಟಿಗೆ ಕಾರಣವಾದ ಮದುವೆಯೇ ಹಲವು ಕಡೆ ಅಪರಾಧವಾಗಿತ್ತು. ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1967ರ ಜೂನ್ 12ರಂದು ಇಂಥ ಮದುವೆಯ ನಿಷೇಧವನ್ನು ರದ್ದುಗೊಳಿಸಿ ತೀರ್ಪು ಕೊಟ್ಟಾಗ 16 ರಾಜ್ಯಗಳಲ್ಲಿ ಅಂಥ ನಿಷೇಧ ಇನ್ನೂ ಇತ್ತು. ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಲು ಅವಕಾಶ ಸಿಕ್ಕಿದ್ದು 2000ದಲ್ಲಿ. 2010ರಲ್ಲಿ ಸುಮಾರು 90 ಲಕ್ಷವಿದ್ದ ಅಂಥವರ ಸಂಖ್ಯೆ 2020ರಲ್ಲಿ 3.38 ಕೋಟಿಗೆ ಏರಿತು. ಈ ಏರಿಕೆಯಲ್ಲಿ ಒಂದು ಪಾಲು ಪ್ರಶ್ನೆ ಕೇಳಿದ ಮತ್ತು ಉತ್ತರವನ್ನು ವರ್ಗೀಕರಿಸಿದ ರೀತಿ ಬದಲಾದದ್ದರಿಂದ ಬಂದದ್ದು ಎಂದು ಜನಗಣತಿ ಇಲಾಖೆಯೇ ಹೇಳಿದೆ. ಬಿಳಿಯ ತಾಯಿಗೂ ಕೀನ್ಯಾದ ತಂದೆಗೂ ಹುಟ್ಟಿದ ಬರಾಕ್ ಒಬಾಮಾ 2010ರ ಗಣತಿಯಲ್ಲಿ ಎರಡು ಖಾನೆಗಳನ್ನು ತುಂಬಬಹುದಿದ್ದರೂ ಕಪ್ಪು ಎಂಬ ಒಂದನ್ನೇ ತುಂಬಿದರು. ಆಗ ಕೆಲವರಿಗೆ ಇದರಿಂದ ನಿರಾಶೆಯಾಯಿತು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಲವು ಖಾನೆಗಳಿರುವುದು ಆಯ್ಕೆಗೇ ಹೊರತು ಎಲ್ಲವನ್ನೂ ತುಂಬಲೇಬೇಕೆಂಬ ಕಟ್ಟಳೆಗಲ್ಲ.

ಅದಕ್ಕಿಂತ ಒಂದು ವರ್ಷ ಮೊದಲು, 2009ರ ಮೇ ತಿಂಗಳಲ್ಲಿ, ಪೀಟ್ ಸೋಜಾ ಎಂಬ ಅಧಿಕೃತ ಛಾಯಾಗ್ರಾಹಕ ತೆಗೆದ ಚಿತ್ರವೊಂದಿದೆ. ಶ್ವೇತಭವನದ ಕೆಲಸ ಮುಗಿಸಿ ಹೊರಟಿದ್ದ ಸಿಬ್ಬಂದಿಯೊಬ್ಬರ ಕುಟುಂಬ ಅಧ್ಯಕ್ಷರ ಕಚೇರಿಗೆ ಬಂದಿದೆ. ಐದು ವರ್ಷದ ಕಪ್ಪು ಹುಡುಗ, ನಿಮ್ಮ ಕೂದಲೂ ನನ್ನದರ ಹಾಗೆಯೇ ಇದೆಯೇ ಎಂದು ಮೆಲ್ಲಗೆ ಕೇಳಿದ್ದಾನೆ. ಮುಟ್ಟಿಯೇ ನೋಡು ಎಂದು ಒಬಾಮಾ ಸೊಂಟದಿಂದ ಪೂರ್ತಿ ಬಾಗಿ ತಲೆಯೊಡ್ಡಿದ್ದಾರೆ, ಟೈ ಕಟ್ಟಿಕೊಂಡ ಹುಡುಗ ಕೈ ಚಾಚಿ ಮುಟ್ಟುತ್ತಿದ್ದಾನೆ. ಪೆನ್ಸಿಲ್ ಹಿಡಿದ ಅಧಿಕಾರಿ ಮುಟ್ಟಿದ್ದೂ ಕೂದಲನ್ನೇ, ಈ ಹುಡುಗ ಮುಟ್ಟಿದ್ದೂ ಕೂದಲನ್ನೇ. ಆದರೆ ಇಲ್ಲಿ ಯಾರೂ ಯಾರನ್ನೂ ವಿಂಗಡಿಸಲು ಹೊರಟಿರಲಿಲ್ಲ, ತಲೆ ಬಾಗಿಸಿದವರು ತಾವಾಗಿಯೇ ಬಾಗಿಸಿದ್ದರು. ಅನುಮತಿಯಿಲ್ಲದೆ ಗುಂಗುರು ಕೂದಲಿಗೆ ಕೈ ಹಾಕುವ ಕುತೂಹಲಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಕೂದಲನ್ನು ನೇರಗೊಳಿಸದೆ ಇದ್ದ ಹಾಗೆಯೇ ಬಿಡೋಣ ಎನ್ನುವ ‘ಸಹಜ ಕೂದಲಿನ ಆಂದೋಲನ’ದೊಳಗಿನ ಒಂದು ಅಹಿತಕರ ವಿಷಯವನ್ನೂ ಹೇಳದೆ ಬಿಡಲಾರೆ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಕೇಶವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಕೂದಲನ್ನು 1ರಿಂದ 4ರವರೆಗೆ ವರ್ಗಗಳಾಗಿ ವಿಂಗಡಿಸಿದರು. ಒಂದು ನೇರ, ನಾಲ್ಕು ಬಿಗಿ ಸುರುಳಿ. ಆರೈಕೆಯ ಅನುಕೂಲಕ್ಕೆ ಹುಟ್ಟಿದ ಈ ಪಟ್ಟಿ ಬರಬರುತ್ತಾ ಏಣಿಯಾಯಿತು. ಗುಂಗುರು ಕೂದಲನ್ನು ಹೊಗಳುವ ಜಾಹೀರಾತುಗಳಲ್ಲೂ ಹೆಚ್ಚಾಗಿ ಕಾಣಿಸುವುದು ಸಡಿಲವಾದ, ಹೊಳೆಯುವ ಸುರುಳಿಗಳ, ತಿಳಿಬಣ್ಣದ ಮಿಶ್ರ ಮೂಲದ ಹೆಣ್ಣು. ನಾಲ್ಕನೆಯ ವರ್ಗದ ಕೂದಲಿನ ಕಪ್ಪು ಹೆಣ್ಣು ಅಲ್ಲಿಯೂ ಹಿಂದಿನ ಸಾಲಿನಲ್ಲೇ ನಿಲ್ಲುತ್ತಾಳೆ. ಮಿಶ್ರ ಮೂಲದವರು ಒಂದು ಕಡೆ ಅವಮಾನವನ್ನೂ ಇನ್ನೊಂದು ಕಡೆ ತಾವು ಬೇಡದ ಸವಲತ್ತನ್ನೂ ಏಕಕಾಲಕ್ಕೆ ಪಡೆಯುತ್ತಾರೆ. ನನ್ನ ಅಕ್ಕನ ಮಗಳಿಗೆ ‘ನಿನ್ನದು ಒಳ್ಳೆಯ ಗುಂಗುರು’ ಎಂದು ಹೊಗಳಿದವರಿದ್ದಾರೆ. ಪಕ್ಕದಲ್ಲಿ ನಿಂತಿದ್ದ ಅವಳ ಸೋದರತ್ತೆಯ ಮಗಳ ಕೂದಲು ಹಾಗಾದರೆ ಎಂಥದು ಎಂದು ಅವರು ಯೋಚಿಸಿರಲಿಲ್ಲ.

ಸಭೆಯ ಕೊನೆಗೆ ಹಿರಿಯರೊಬ್ಬರು, ತಮ್ಮ ಮೊಮ್ಮಗನ ಶಾಲೆಯ ಅರ್ಜಿಯಲ್ಲಿ ಜನಾಂಗದ ಖಾನೆಗೆ ಏನು ಬರೆಯಿಸಬೇಕು ಎಂದು ಕೇಳಿದರು. ಅರ್ಜಿ ಅವಕಾಶ ಕೊಟ್ಟರೆ ತಂದೆ, ತಾಯಿ ಇಬ್ಬರ ಮೂಲವನ್ನೂ ಗುರುತಿಸಿ, ಹುಡುಗ ದೊಡ್ಡವನಾದ ಮೇಲೆ ಬೇರೆ ರೀತಿ ತುಂಬಿದರೆ ಬೇಸರಪಟ್ಟುಕೊಳ್ಳಬೇಡಿ ಎಂದೆ.

ಎರಡನೆಯ ಪ್ರಶ್ನೆ ಒಬ್ಬ ತಾಯಿಯದು: ಹದಿನಾರರ ಮಗಳು ಸಮಾರಂಭವೊಂದಕ್ಕೆ ಕೂದಲನ್ನು ನೇರ ಮಾಡಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ, ಬೇಡವೆನ್ನಬೇಕೇ? ನನ್ನ ಉತ್ತರ: ಬೇಡವೆನ್ನಬೇಡಿ, ಆದರೆ ಅವಳ ಕೂದಲಿನ ಬಗ್ಗೆ ಯಾರಾದರೂ ಏನಾದರೂ ಅಂದಿದ್ದಾರೆಯೇ ಎಂದು ಮೊದಲು ಕೇಳಿ ನೋಡಿ. ಸುಮ್ಮನೆ ಒಂದು ದಿನದ ಆಸೆಯಾಗಿದ್ದರೆ ರಾಸಾಯನಿಕ ಬಿಟ್ಟು ಶಾಖದಿಂದ ಮಾಡಿಸಿ. ಕೂದಲು ತೊಳೆದು, ಪೂರ್ತಿ ಒಣಗಿಸಿ, ಶಾಖದಿಂದ ಕಾಪಾಡುವ ದ್ರವ ಹಚ್ಚಿದ ಮೇಲಷ್ಟೇ ಬಿಸಿ ಇಸ್ತ್ರಿ ಮುಟ್ಟಿಸಬೇಕು, ಒಂದು ಎಳೆಯ ಮೇಲೆ ಮತ್ತೆ ಮತ್ತೆ ಎಳೆಯಬಾರದು. ಸಮಾರಂಭ ಮುಗಿದು ತಲೆಗೆ ನೀರು ಹಾಕಿಕೊಂಡಾಗ ಗುಂಗುರು ಮರಳುತ್ತದೆ. ಎಲ್ಲಾದರೂ ಕೆಲವು ಎಳೆಗಳು ನೇರವಾಗಿಯೇ ಉಳಿದರೆ ಅವು ಸುಟ್ಟಿವೆ ಎಂದರ್ಥ. ಅವನ್ನು ಕತ್ತರಿಸಿ, ಬುಡದಿಂದ ಹೊಸದು ಬರಲು ಬಿಡಬೇಕು, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ.